ಅರೆಗಳಿಗೆ ಮೊದಲು

ಆರ್ನ್‌ಫಿನ್‌ನ ಬಲಗಣ್ಣು ಕೈಕೊಟ್ಟು ವರ್ಷವಾಗುತ್ತಾ ಬಂದಿತ್ತು. ಹೊರಗಿನಿಂದ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ, ಎಂದಿನ ಹಾಗೆ ನೀಲಿಯಾಗಿಯೇ ಇತ್ತು. ಒಳಗೆ ಮಾತ್ರ ಕಿಟಕಿಯ ಗಾಜಿಗೆ ಯಾರೋ ಸುಣ್ಣ ಬಳಿದ ಹಾಗೆ ಎಲ್ಲ ಬೆಳ್ಳಗೆ. ಹೆಂಡತಿ ಬೊರ್ಗ್‌ಹಿಲ್ಡ್‌ಗೆ ಗೊತ್ತಿತ್ತು. ಮುಖಪರಿಚಯವಿಲ್ಲದ ದೂರದ ಊರಿನ ಒಬ್ಬ ಡಾಕ್ಟರಿಗೆ ಗೊತ್ತಿತ್ತು. ಮೂರನೆಯವರ ಕಿವಿಗೆ ಬಿದ್ದಿಲ್ಲ ಎಂದು ಅವನು ಗಟ್ಟಿಯಾಗಿ ನಂಬಿಕೊಂಡಿದ್ದ, ಪಾಪ.

ಒಂದು ಹೋದರೇನು, ಇನ್ನೊಂದಿದೆಯಲ್ಲ ಅನ್ನಬಹುದು. ಪೇಪರ್ ಓದುವವನಿಗೆ, ಆಲೂಗಡ್ಡೆ ಸುಲಿಯುವವನಿಗೆ ಒಂದೇ ಸಾಕು. ಆದರೆ ಆರ್ನ್‌ಫಿನ್ 'ಹಾವ್‌ಸೂಲ' ಹಡಗಿನಲ್ಲಿ ಹಗ್ಗ ಸುತ್ತಿ ಭಾರ ಎತ್ತಿಳಿಸುವ ವಿಂಚಿನ ಹಿಡಿಕೆ ಹಿಡಿದು ಕೂರುವವನು. ಸಮುದ್ರವನ್ನು ಅಳೆಯುವ ವಿಜ್ಞಾನಿಗಳ ಹಡಗು ಅದು. ನೀರಿಗೆ ಇಳಿಸುವುದು, ನೀರಿನಿಂದ ಎತ್ತುವುದು, ಇಷ್ಟೇ ಅದರ ಸಂಸಾರ. ಕೆಳಗೆ ಅಲೆ ಏರಿಳಿಯುತ್ತಿರುತ್ತದೆ, ಹಡಗು ತಾನೇ ಹೊರಳುತ್ತಿರುತ್ತದೆ, ಎರಡರ ನಡುವೆ ಹಗ್ಗದ ತುದಿಗೆ ತೂಗುವ ದೋಣಿ ಎಷ್ಟು ದೂರದಲ್ಲಿದೆ ಎಂದು ಅಳೆಯಲು ಎರಡು ಕಣ್ಣೂ ಸೇರಬೇಕು. ಒಂಟಿ ಕಣ್ಣಿಗೆ ಅದೆಲ್ಲ ಗೋಡೆಗೆ ತೂಗುಹಾಕಿದ ಪಟದ ಹಾಗೆ ಚಪ್ಪಟೆ. ಬಾಯಿ ಬಿಟ್ಟರೆ ಕುರ್ಚಿ ಹೋಯಿತು, ಕುರ್ಚಿಯ ಜೊತೆ ಸಮುದ್ರವೂ ಹೋಯಿತು. ಹದಿನೇಳನೇ ವಯಸ್ಸಿಗೆ ಹಡಗು ಹತ್ತಿದವನಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಮುಂದಿನ ವಸಂತದಲ್ಲಿ ಹೇಗೂ ಆರೋಗ್ಯ ತಪಾಸಣೆ ಇದೆ, ಸಿಕ್ಕಿಬೀಳುವುದು ಇದ್ದೇ ಇದೆ, ಅಲ್ಲಿಯವರೆಗೆ ಹೇಗೋ ತಳ್ಳಿಬಿಡೋಣ ಎಂದು ಅವನು ನಿರ್ಧರಿಸಿಕೊಂಡಿದ್ದ.

ಬೇಸಿಗೆ ರಜೆಯಲ್ಲಿ ಮನೆಯ ಹಿಂದೆ ಸೌದೆ ಸೀಳುವಾಗ ಕೊಡಲಿ ದಿಮ್ಮಿಯ ಪಕ್ಕಕ್ಕೆ ಬಿದ್ದದ್ದು ಅವನನ್ನು ನಡುಗಿಸಿತ್ತು. ಒಂಟಿ ಕಣ್ಣು ದೂರ ಅಳೆದು, ತಲೆ ಒಪ್ಪಿ, ಕೈ ಎದ್ದೇಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ ಎಂದು ಅವನಿಗೆ ಅರ್ಥವಾಯಿತು. ಹಡಗಿಗೆ ವಾಪಸು ಬಂದ ಮೇಲೆ ಒಂದು ಉಪಾಯ ಹೂಡಿದ. ಸನ್ನೆ ಪೂರ್ತಿ ಬರುವವರೆಗೆ ಕಾಯದೆ, ಅರೆಗಳಿಗೆ ಮೊದಲೇ ಹಿಡಿಕೆ ತಳ್ಳಿಬಿಡುವುದು. ಬೇಸಿಗೆಯ ಸಣ್ಣ ಅಲೆಗಳಲ್ಲಿ ಅದು ಚೆನ್ನಾಗಿಯೇ ನಡೆಯಿತು. ಯಾರೂ ಏನೂ ಅನ್ನಲಿಲ್ಲ.

ಸನ್ನೆ ಕೊಡುವವನು ಯೋಸ್ಟೈನ್. ಡೆಕ್ಕಿನ ಮೇಸ್ತ್ರಿ, ಆರ್ನ್‌ಫಿನ್‌ನ ಅಕ್ಕನ ಗಂಡ. ಭಾವ ಅನ್ನುವ ನಂಟಿಗಿಂತ ಹಗ್ಗದ ನಂಟೇ ಹಳೆಯದು. ಇಬ್ಬರೂ ಜೊತೆಯಲ್ಲೇ ಮೀನುದೋಣಿಯಲ್ಲಿ ಕೆಲಸ ಕಲಿತವರು. ಕುರ್ಚಿಯಲ್ಲಿ ಕೂತವನಿಗೆ ದೋಣಿ ಅಲೆಯ ಮೇಲೆ ಬಂದಾಗ ಮಾತ್ರ ಕಾಣುತ್ತದೆ, ಹಡಗಿನ ಅಂಚಿನ ಕಟಕಟೆಯ ಹತ್ತಿರ ನಿಂತವನಿಗೆ ಪೂರ್ತಿ ಕಾಣುತ್ತದೆ. ಆದ್ದರಿಂದ ಅಲ್ಲಿ ನಿಂತ ಒಬ್ಬನ ಕೈ ಮಾತ್ರ ಮಾತಾಡಬೇಕು, ಕುರ್ಚಿಯವನು ಅದನ್ನಷ್ಟೇ ಕೇಳಬೇಕು. ಉಳಿದವರು ಕಿರುಚಿಕೊಂಡರೂ ಕಿವಿಗೊಡುವಂತಿಲ್ಲ. ಒಂದಕ್ಕೆ ಮಾತ್ರ ವಿನಾಯಿತಿ. ತಲೆಯ ಮೇಲೆ ಎರಡು ತೋಳು ಅಡ್ಡ ಹಿಡಿದು 'ನಿಲ್ಲಿಸು' ಅನ್ನುವ ಸನ್ನೆಯನ್ನು ಯಾರು ಬೇಕಾದರೂ ಕೊಡಬಹುದು, ಅಡುಗೆಯವನೂ ಕೊಡಬಹುದು. ಕೊಟ್ಟವನನ್ನು ಯಾಕೆ ಅಂತ ಆ ಕ್ಷಣಕ್ಕೆ ಯಾರೂ ಕೇಳುವಂತಿಲ್ಲ.

ಆ ಶನಿವಾರ ಬೆಳಗಿನ ತಿಂಡಿಗೆ ಎಲ್ಲ ಮೇಜಿನ ಸುತ್ತ ಕೂತಿದ್ದರು. ಅಕ್ಟೋಬರ್ ತಿಂಗಳು, ಹಡಗು ತೀರದಿಂದ ಒಂದು ದಿನದ ದಾರಿ ದೂರದಲ್ಲಿತ್ತು. ಒಂದು ವರ್ಷ ಸಮುದ್ರದ ತಳದಲ್ಲಿ ಕೂತು ನೀರಿನ ಹರಿವನ್ನು ಅಳೆದ ಹಳದಿ ಯಂತ್ರವೊಂದು ಮುಂಜಾನೆ ಮೇಲೆ ತೇಲಿ ಬಂದಿತ್ತು. ಅದರ ಹಗ್ಗ ಅದಕ್ಕೇ ಸುತ್ತಿಕೊಂಡಿದ್ದರಿಂದ ಹಡಗಿನಿಂದ ಕೊಂಡಿ ಹಾಕಲು ಬರುತ್ತಿರಲಿಲ್ಲ. ಚಿಕ್ಕ ದೋಣಿ ಇಳಿಸಿ, ಹತ್ತಿರ ಹೋಗಿ ಬೇರೆ ಹಗ್ಗ ಕಟ್ಟಿ ಬರಬೇಕಿತ್ತು.

"ಮಧ್ಯಾಹ್ನದ ಮೇಲೆ ಗಾಳಿ ಏಳುತ್ತಂತೆ. ಹಾಲುಗಂಜಿಗೆ ಮುಂಚೆ ಮುಗಿಸಿಬಿಡೋಣ" ಅಂದ ಯೋಸ್ಟೈನ್. ಶನಿವಾರ ಅಂದರೆ ಆ ಹಡಗಿನಲ್ಲಿ ಸಕ್ಕರೆ, ದಾಲ್ಚಿನ್ನಿ ಉದುರಿಸಿದ ಅಕ್ಕಿಯ ಹಾಲುಗಂಜಿ.

"ಗಾಳಿ ನಿನ್ನ ಗಂಜಿ ಟೈಮ್ ಕೇಳ್ಕೊಂಡು ಬರುತ್ತಾ?" ಅಂದಳು ಸಿನ್ನೋವೆ. ವಿಂಚು ನಡೆಸಲು ಪರವಾನಗಿ ಇದ್ದ ಇನ್ನೊಬ್ಬಳು ಅವಳೇ. "ಆರ್ನ್‌ಫಿನ್, ಇವತ್ತಾದ್ರೂ ನನ್ನ ಕೂರಿಸು. ಸಮುದ್ರ ಕೆರೆ ಥರ ಇದ್ದಾಗ ಮಾತ್ರ ಕೊಡ್ತೀಯ. ಕೆರೇಲಿ ಕಲಿತು ನಾನು ಏನು ಮಾಡಲಿ?"

"ಆಸೆ ನೋಡು. ಆ ಕುರ್ಚೀಲಿ ನನ್ನ ಕುಂಡೆ ಅಚ್ಚು ಬಿದ್ದಿದೆ, ನಿನಗೆ ಹಿಡಿಸಲ್ಲ."

"ಹೊಸ ದಿಂಬು ಹಾಕಿದ್ರೆ ಅಚ್ಚು ಎಲ್ಲಿರುತ್ತೆ?"

ಎಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ವಿಗ್ದಿಸ್. ಯೋಸ್ಟೈನ್‌ನ ಒಬ್ಬಳೇ ಮಗಳು, ಹಡಗಿಗೆ ಸೇರಿ ಎರಡು ವರ್ಷವಾಗಿತ್ತು. ದೋಣಿಯ ಮುಂದೆ ನಿಂತು ಕೊಂಡಿ ಹಾಕುವ ಕೆಲಸ ಅವಳದು. ದೋಣಿ ನಡೆಸುವವನು ಇವಾರ್. "ಸೋತೆ ಮಾಮ, ಒಪ್ಕೋ" ಎಂದು ಅವಳು ಆರ್ನ್‌ಫಿನ್‌ನ ಬೆನ್ನು ತಟ್ಟಿ ಎದ್ದುಹೋದಳು. ಸಿನ್ನೋವೆಯ ಕಣ್ಣು ತನ್ನ ಕುರ್ಚಿಯ ಮೇಲೆ ಬಿದ್ದಿದೆ ಎಂದು ಆರ್ನ್‌ಫಿನ್‌ಗೆ ಒಳಗೊಳಗೇ ಉರಿಯಿತು.

ಇಳಿಸುವಾಗಲೇ ಎಡವಟ್ಟಾಯಿತು.

ದೋಣಿ ಹಗ್ಗದಲ್ಲಿ ತೂಗುತ್ತಿತ್ತು, ಒಳಗೆ ಇವಾರ್ ಮತ್ತು ವಿಗ್ದಿಸ್. ಅಲೆ ಏರಿ ಬಂದು ತುದಿ ಮುಟ್ಟುವಾಗ ದೋಣಿಯನ್ನು ಅದರ ನೆತ್ತಿಯ ಮೇಲೆ ಕೂರಿಸಬೇಕು. ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ. ಯೋಸ್ಟೈನ್‌ನ ಕೈ ಕೆಳಗೆ ಬಿತ್ತು, ಆರ್ನ್‌ಫಿನ್ ತಳ್ಳಿದ. ದೋಣಿ ಇಳಿಯಿತು, ಆದರೆ ಅಲೆ ಇನ್ನೂ ಬಂದಿರಲಿಲ್ಲ. ಅಲೆ ಇರಬೇಕಾದ ಕಡೆ ಹಳ್ಳವಿತ್ತು. ದೋಣಿ ಆ ಹಳ್ಳಕ್ಕೆ ದೊಪ್ಪನೆ ಬಿತ್ತು, ಬಿದ್ದ ಮೇಲೆ ಬಂದ ಅಲೆ ಅದನ್ನು ಎತ್ತಿ ಹಡಗಿನ ಪಕ್ಕೆಗೆ ಗುದ್ದಿತು. ಸಡಿಲಾದ ಹಗ್ಗ ವಿಗ್ದಿಸ್‌ಳ ಹೆಲ್ಮೆಟ್ಟನ್ನು ಸವರಿಕೊಂಡು ಹೋಯಿತು. ಇವಾರ್ ಹೇಗೋ ಕೊಂಡಿ ಬಿಡಿಸಿ ದೋಣಿಯನ್ನು ದೂರ ಓಡಿಸಿದ.

ಆರ್ನ್‌ಫಿನ್ ಕುರ್ಚಿಯಿಂದ ಅರ್ಧ ಎದ್ದು ಕೆಳಗೆ ಇಣುಕಿದ.

"ಏನಾಯ್ತು? ಹುಷಾರಾಗಿದೀರಾ?" ಎಂದು ಮೇಲಿನಿಂದ ಕ್ಯಾಪ್ಟನ್ ಹಾಲ್‌ವರ್ ವಾಕಿಟಾಕಿಯಲ್ಲಿ ಕೇಳಿದ.

"ಹುಷಾರು. ನಾಲಿಗೆ ಕಚ್ಕೊಂಡೆ ಅಷ್ಟೆ" ಎಂದಳು ವಿಗ್ದಿಸ್, ತೊದಲುತ್ತಾ.

"ಅಲೆ ಮೋಸ ಮಾಡ್ತು ಮಗಳೇ" ಎಂದ ಯೋಸ್ಟೈನ್. ಹೇಳಿ ಹಿಂದಿರುಗಿ ನೋಡಲಿಲ್ಲ.

ಆಗಲೇ ಹೇಳಿಬಿಡಬಹುದಿತ್ತು. ಆರ್ನ್‌ಫಿನ್ ಹೇಳಲಿಲ್ಲ. ಅಲೆಯೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಆ ಕರಾವಳಿಯ ಗಂಡಸರೇ ಹಾಗೆ, ಏನು ಮಾಡುವುದು. ಮನೆಗೆ ಬೆಂಕಿ ಬಿದ್ದರೂ 'ಇವತ್ತು ಸ್ವಲ್ಪ ಸೆಖೆ' ಅನ್ನುವ ಜಾತಿ. ಪಕ್ಕದವನ ದೋಣಿಯ ಎಂಜಿನ್ನು ಕೆಮ್ಮಿದರೆ ಊಟ ಬಿಟ್ಟು ಓಡಿಹೋಗುತ್ತಾರೆ, ಪಕ್ಕದವನೇ ಕೆಮ್ಮಿದರೆ ಕಿಟಕಿಯ ಕಡೆ ನೋಡುತ್ತಾರೆ. ಮರ್ಯಾದೆ ಅಂದರೆ ಅದೇ ಎಂದು ಅವರಿಗೆ ಚಿಕ್ಕಂದಿನಿಂದ ಕಲಿಸಿರುತ್ತಾರೆ.

ಹಳದಿ ಯಂತ್ರಕ್ಕೆ ಹಗ್ಗ ಕಟ್ಟುವುದು ಅಂದುಕೊಂಡದ್ದಕ್ಕಿಂತ ತಡವಾಯಿತು. ಎರಡು ಸಲ ಹಗ್ಗ ಜಾರಿತು. ಕೊನೆಗೆ ಹಡಗಿನ ಹಿಂಭಾಗದಿಂದ ಅದನ್ನು ಎಳೆದು ಡೆಕ್ಕಿಗೆ ಹಾಕಿದಾಗ, ಮೈತುಂಬ ಚಿಪ್ಪು ಅಂಟಿಸಿಕೊಂಡಿದ್ದ ಅದನ್ನು ವಿಜ್ಞಾನಿಗಳು ಮುಟ್ಟಿ ಮುಟ್ಟಿ ನೋಡಿದರು. ಅಷ್ಟರಲ್ಲಿ ಗಾಳಿ ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಟ್ಟಿತು. ಅಲೆಗಳ ನೆತ್ತಿ ಹರಿದು ಬಿಳಿ ನೊರೆ ಹಾರತೊಡಗಿತು. ಚಿಕ್ಕ ದೋಣಿ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಕ್ಯಾಪ್ಟನ್ ಹಡಗನ್ನು ತಿರುಗಿಸಿ ಗಾಳಿಗೆ ಅಡ್ಡ ನಿಲ್ಲಿಸಿ, ದೋಣಿಗೆ ಸ್ವಲ್ಪ ಮರೆ ಮಾಡಿಕೊಟ್ಟ. ಎತ್ತಬೇಕಾದರೆ ಈಗಲೇ, ಇನ್ನು ತಡ ಮಾಡಿದರೆ ಎತ್ತಲಾಗದು ಎಂದು ಎಲ್ಲರಿಗೂ ಗೊತ್ತಿತ್ತು.

ಆರ್ನ್‌ಫಿನ್ ಕುರ್ಚಿಯಲ್ಲಿ ಕೂತ. ಇವಾರ್ ದೋಣಿಯನ್ನು ಪಕ್ಕಕ್ಕೆ ತಂದ, ವಿಗ್ದಿಸ್ ಮುಂದೆ ಎದ್ದುನಿಂತು ಎರಡೂ ಕೈ ಮೇಲೆತ್ತಿದಳು. ಯೋಸ್ಟೈನ್ 'ಇಳಿಸು' ಅಂದ. ಕೊಂಡಿ ಇಳಿಯಿತು. ಆರ್ನ್‌ಫಿನ್‌ನ ಒಂಟಿ ಕಣ್ಣಿಗೆ ಕೊಂಡಿಯೂ ಅವಳ ಬಿಳಿ ಹೆಲ್ಮೆಟ್ಟೂ ಒಂದರ ಮೇಲೊಂದು ಅಂಟಿಸಿದ ಹಾಗೆ ಕಂಡವು, ಮುಂದೆ ಯಾವುದು ಹಿಂದೆ ಯಾವುದು ತಿಳಿಯಲಿಲ್ಲ. ವಿಗ್ದಿಸ್ ಥಟ್ಟನೆ ಬಗ್ಗಿದಳು. ಅವಳ ತಲೆಯಿದ್ದ ಜಾಗವನ್ನು ಹಾದು ಕಬ್ಬಿಣದ ಕೊಂಡಿ ದೋಣಿಯ ಅಂಚಿಗೆ ಬಡಿಯಿತು. ಆ ಸದ್ದು ಡೆಕ್ಕಿನವರೆಗೂ ಕೇಳಿಸಿತು. ಇವಾರ್ ದೋಣಿಯನ್ನು ದೂರ ಒಯ್ದು, ಒಂದು ಸುತ್ತು ಹಾಕಿ ಮತ್ತೆ ಬಂದ.

ಎರಡನೆಯ ಸಲ ಆರ್ನ್‌ಫಿನ್ ಕೊಂಡಿಯನ್ನು ನೋಡುವುದನ್ನೇ ಬಿಟ್ಟ. ಯೋಸ್ಟೈನ್‌ನ ಕೈಯನ್ನೇ ನೋಡಿದ. ಕಾಲು ಡೆಕ್ಕಿನ ಮೇಲೆ ಊರಿತ್ತು. ಅಷ್ಟು ವರ್ಷ ಹಡಗಿನ ಮೇಲೆ ನಿಂತ ಕಾಲು ಅದು. ದೊಡ್ಡ ಅಲೆ ಬರುವಾಗ ಹಡಗು ಮೊದಲು ಎದೆಯುಬ್ಬಿಸುತ್ತದೆ, ಆಮೇಲೆ ಅಲೆ ಪಕ್ಕಕ್ಕೆ ಬಂದು ದೋಣಿಯನ್ನು ಎತ್ತುತ್ತದೆ ಎಂದು ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತು. ಹಡಗು ಇನ್ನೂ ಎದೆಯುಬ್ಬಿಸಿರಲಿಲ್ಲ. ಆದರೂ ಯೋಸ್ಟೈನ್‌ನ ಕೈ ಕೆಳಗಿಳಿಯತೊಡಗಿತ್ತು.

ಇವನ್ಯಾಕೆ ಅವಸರ ಮಾಡುತ್ತಿದ್ದಾನೆ? ಈ ಭಾಗದಲ್ಲಿ ಇವನಷ್ಟು ನಿಧಾನಸ್ಥ ಸನ್ನೆಗಾರ ಇನ್ನೊಬ್ಬನಿಲ್ಲ. ಹಾಗೆ ಅನ್ನಿಸುವಷ್ಟರಲ್ಲಿ ಆರ್ನ್‌ಫಿನ್ ತನ್ನ ಕೈ ನೋಡಿಕೊಂಡ. ಅದು ಆಗಲೇ ಹಿಡಿಕೆಯನ್ನು ತಳ್ಳಲು ಶುರುಮಾಡಿತ್ತು. ಎಲ್ಲ ಒಂದೇ ಸಲಕ್ಕೆ ಬಯಲಾಗಿ ಹೋಯಿತು.

ಹಿಡಿಕೆ ಬಿಟ್ಟು, ಎದ್ದು ನಿಂತು, ಎರಡು ತೋಳನ್ನೂ ತಲೆಯ ಮೇಲೆ ಅಡ್ಡ ಹಿಡಿದ.

ಕೊಂಡಿ ಗಾಳಿಯಲ್ಲೇ ನಿಂತಿತು. ಇವಾರ್ ಮತ್ತೆ ದೋಣಿಯನ್ನು ದೂರ ಒಯ್ದ. ಯಾರೂ ಯಾಕೆ ಅನ್ನಲಿಲ್ಲ. ಯೋಸ್ಟೈನ್ ಮಾತ್ರ ಕಟಕಟೆ ಬಿಟ್ಟು ಕುರ್ಚಿಯ ಹತ್ತಿರ ಬಂದ. ಅವನ ಗಡ್ಡದಿಂದ ಉಪ್ಪುನೀರು ಸೋರುತ್ತಿತ್ತು.

"ಭಾವ, ನೀನು ಅಲೆಗಿಂತ ಮೊದಲೇ ಸನ್ನೆ ಕೊಡ್ತಿದೀಯ" ಎಂದ ಆರ್ನ್‌ಫಿನ್.

ಯೋಸ್ಟೈನ್ ಸಮುದ್ರದ ಕಡೆ ಮುಖ ತಿರುಗಿಸಿದ. "ಹೂಂ."

"ಯಾವಾಗಿಂದ?"

"ಹೋದ ಚಳಿಗಾಲದಿಂದ. ನಿನ್ನ ಕೈ ತಡವಾಗ್ತಿತ್ತು. ಸ್ವಲ್ಪ ಮುಂಚೆ ಕೊಟ್ರೆ ಸರಿಹೋಗ್ತಿತ್ತು."

"ಬೊರ್ಗ್‌ಹಿಲ್ಡ್ ಹೇಳಿದ್ಲಾ?"

"ಯಾರೂ ಹೇಳಿಲ್ಲ. ನನ್ನ ಎರಡು ಕಣ್ಣೂ ನೆಟ್ಟಗಿವೆಯಲ್ಲ."

"ನನಗೊಂದು ಮಾತು ಅನ್ನಬಾರದಾಗಿತ್ತಾ?"

"ನೀನು ಅನ್ನಬಾರದಾಗಿತ್ತಾ? ನಾನೇ ಬಾಯಿಬಿಟ್ಟು ನಿನ್ನ ಅನ್ನಕ್ಕೆ ಕಲ್ಲು ಹಾಕಲಾ?"

ಆರ್ನ್‌ಫಿನ್ ಹಿಡಿಕೆಯ ಕಡೆ ಕೈ ತೋರಿಸಿದ. "ಬೇಸಿಗೆಯಿಂದ ನಾನೂ ಮೊದಲೇ ತಳ್ತಿದೀನಿ ಮಾರಾಯ. ತಡ ಆಗಬಾರದು ಅಂತ. ನಿನ್ನದೊಂದು ಅವಸರ, ನನ್ನದೊಂದು ಅವಸರ. ಇಬ್ಬರೂ ಸೇರಿ ಹುಡುಗೀನ ಕೊಲ್ತಿದ್ವಲ್ಲೋ."

ಯೋಸ್ಟೈನ್‌ನ ಮುಖದಲ್ಲಿ ರಕ್ತ ಇಳಿದುಹೋಯಿತು. ಬೆಳಿಗ್ಗೆ ದೋಣಿ ಬಿದ್ದ ಹಳ್ಳ ಅವನ ಕಣ್ಣಮುಂದೆಯೂ ಬಂದಿರಬೇಕು. ಒಬ್ಬರನ್ನೊಬ್ಬರು ನೋಯಿಸಬಾರದು ಎಂದು ಹೊಟ್ಟೆಯಲ್ಲಿಟ್ಟುಕೊಂಡ ಎರಡು ಗುಟ್ಟು, ಎರಡೂ ಪ್ರೀತಿಯದ್ದೇ. ಅದನ್ನು ನೆನೆದರೆ ಅಳಬೇಕೋ ಬೈಯಬೇಕೋ ತಿಳಿಯುವುದಿಲ್ಲ.

ಆರ್ನ್‌ಫಿನ್ ಎದೆಗೆ ಸಿಕ್ಕಿಸಿದ್ದ ವಾಕಿಟಾಕಿ ತೆಗೆದ. ಅದರಲ್ಲಿ ಮಾತಾಡಿದರೆ ಕ್ಯಾಪ್ಟನ್ನಿಗೂ ಕೇಳುತ್ತದೆ, ಡೆಕ್ಕಿಗೂ ಕೇಳುತ್ತದೆ, ದೋಣಿಗೂ ಕೇಳುತ್ತದೆ. ಹೆಬ್ಬೆರಳು ಗುಂಡಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು.

"ಹಾಲ್‌ವರ್, ಆರ್ನ್‌ಫಿನ್ ಮಾತಾಡ್ತಿರೋದು. ನನ್ನ ಬಲಗಣ್ಣು ಕಾಣಲ್ಲ. ಒಂದು ವರ್ಷದಿಂದ ಕಾಣಲ್ಲ. ಬೆಳಿಗ್ಗೆ ಆಗಿದ್ದು ಅದರಿಂದಾನೇ, ಅಲೆಯಿಂದಲ್ಲ. ನಾನು ಕುರ್ಚಿ ಬಿಡ್ತಿದೀನಿ. ಸಿನ್ನೋವೆ ಕೂರ್ತಾಳೆ."

ಅವನಿಗೆ ಮೈಯೆಲ್ಲ ಬೆತ್ತಲಾದ ಹಾಗಾಯಿತು. ಹಾಲ್‌ವರ್‌ಗಿಂತ ಮೊದಲು ಬಂದದ್ದು ವಿಗ್ದಿಸ್‌ಳ ದನಿ.

"ಮಾಮ, ಅದೆಲ್ಲ ಆಮೇಲೆ. ಮೊದಲು ನಮ್ಮನ್ನ ಎತ್ತಿ. ಇವಾರ್ ವಾಂತಿ ಮಾಡ್ಕೊಳ್ತಿದಾನೆ."

"ಸಿನ್ನೋವೆ ಕೂತ್ಕೊಳ್ಳಲಿ" ಎಂದ ಹಾಲ್‌ವರ್. ಅಷ್ಟೇ ಅಂದ.

ಸಿನ್ನೋವೆ ಓಡಿಬಂದಳು. ಬೆಳಿಗ್ಗೆಯ ತುಂಟತನ ಎಲ್ಲಿ ಹೋಗಿತ್ತೋ, ತುಟಿ ಬಿಳಿಚಿಕೊಂಡಿತ್ತು. "ಇಂಥ ಸಮುದ್ರದಲ್ಲಿ ನಾನು ಯಾವತ್ತೂ ಎತ್ತಿಲ್ಲ, ಆರ್ನ್‌ಫಿನ್."

"ನಾನು ಕೊಡಲಿಲ್ಲ, ನೀನು ಎತ್ತಲಿಲ್ಲ. ಅದು ನನ್ನ ಹೊಟ್ಟೆಕಿಚ್ಚು. ನಿನ್ನ ಕೈಯಲ್ಲಿ ತಪ್ಪೇನಿಲ್ಲ, ನಾನೇ ಕಲಿಸಿದ ಕೈ ಅದು. ಇವನ ಕೈ ಹೇಳಿದಾಗ ತಳ್ಳು. ಮುಂಚೆ ಬೇಡ, ಆಮೇಲೂ ಬೇಡ."

"ಆದರೆ ಇವನ ಕೈಯೇ ಮುಂಚೆ ಹೇಳುತ್ತಲ್ಲ. ಈಗ ಕೇಳಿಸ್ಕೊಂಡೆ."

ಸರಿಯಾದ ಮಾತು. ಇಬ್ಬರೂ ಯೋಸ್ಟೈನ್‌ನನ್ನು ನೋಡಿದರು. ಅವನು ತನ್ನ ಬಲಗೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಳ್ಳುತ್ತಿದ್ದ.

"ರೂಢಿ ಬಿದ್ದಿದೆ" ಎಂದ. "ಅಲೆ ಕಂಡ ತಕ್ಷಣ ತಾನಾಗಿ ಎದ್ದುಬಿಡುತ್ತೆ. ಅದರಲ್ಲೂ ಕೆಳಗೆ ಅವಳಿದಾಳೆ. ತಡೆಯೋಕಾಗುತ್ತೆ ಅಂತ ನನಗೆ ಧೈರ್ಯ ಇಲ್ಲ."

ಬೇರೆ ಯಾರಿಗಾದರೂ ವಹಿಸೋಣ ಎಂದರೆ ಡೆಕ್ಕಿನಲ್ಲಿ ಉಳಿದವರು ಯಂತ್ರಕ್ಕಾಗಿ ಬಂದ ವಿಜ್ಞಾನಿಗಳು. ಅಂಥ ಸಮುದ್ರದಲ್ಲಿ ಸನ್ನೆ ಕೊಡುವುದು ಅವರ ಕೆಲಸವಲ್ಲ.

"ನಾನು ತಡೀತೀನಿ" ಎಂದ ಆರ್ನ್‌ಫಿನ್. "ನಡಿ."

ಇಬ್ಬರೂ ಕಟಕಟೆಗೆ ಹೋದರು. ಯೋಸ್ಟೈನ್ ಮುಂದೆ ಬಾಗಿ ನಿಂತ. ಆರ್ನ್‌ಫಿನ್ ಅವನ ಬೆನ್ನಿಗೆ ಎದೆ ಒತ್ತಿ, ಒಂದು ಕೈಯಿಂದ ಕಟಕಟೆ ಹಿಡಿದು, ಇನ್ನೊಂದು ಕೈಯಿಂದ ಅವನ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ. ಕಣ್ಣು ಮುಚ್ಚಿದ. ಕಾಣದ ಕಣ್ಣಿಗಿಂತ ಕಾಣುವ ಕಣ್ಣೇ ಅವನಿಗೆ ಹೆಚ್ಚು ಮೋಸ ಮಾಡಿತ್ತು, ಆ ಹೊತ್ತಿಗೆ ಅದೂ ಬೇಡವಾಗಿತ್ತು. ಕಾಲೊಂದೇ ಸಾಕು ಎಂದುಕೊಂಡ.

ಇವಾರ್ ದೋಣಿ ತಂದ. ಯೋಸ್ಟೈನ್‌ನ ಮಣಿಕಟ್ಟು ಜಗ್ಗಿತು. ಆರ್ನ್‌ಫಿನ್ ಬಿಡಲಿಲ್ಲ. ಡೆಕ್ಕು ಪಾದಕ್ಕೆ ಒತ್ತಿತು, ಹಡಗು ಎದೆಯುಬ್ಬಿಸಿತು, ಆಗ ಬಿಟ್ಟ. ಕೊಂಡಿ ಇಳಿಯಿತು. ವಿಗ್ದಿಸ್ ಎರಡು ಕೈಯಲ್ಲೂ ಅದನ್ನು ಹಿಡಿದು ದೋಣಿಯ ಕಬ್ಬಿಣದ ಬಳೆಗೆ ಸಿಕ್ಕಿಸಿದಳು. ಹೆಬ್ಬೆರಳು ಎತ್ತಿ ತೋರಿಸಿ, ಬಗ್ಗಿ ಕೂತು, ಅಂಚು ಹಿಡಿದುಕೊಂಡಳು.

ಇನ್ನು ಎತ್ತುವುದು. ಅದೇ ಕಷ್ಟದ್ದು. ದೋಣಿ ಅಲೆಯ ನೆತ್ತಿಗೆ ಬಂದ ಕ್ಷಣದಲ್ಲೇ ಎಳೆದುಬಿಡಬೇಕು. ಮೊದಲೇ ಎಳೆದರೆ ಅಲೆ ದೋಣಿಯನ್ನು ಇನ್ನೂ ಮೇಲಕ್ಕೆತ್ತಿ ಹಗ್ಗ ಸಡಿಲಾಗುತ್ತದೆ, ಆಮೇಲೆ ಅಲೆ ಜಾರಿದಾಗ ದೋಣಿ ಕುಸಿದು, ಹಗ್ಗ ಥಟ್ಟನೆ ಬಿಗಿದು ಝಾಡಿಸಿ, ಒಳಗಿದ್ದವರು ಎಲ್ಲಿ ಬೀಳುತ್ತಾರೋ ಹೇಳಲಾಗದು. ದೋಣಿ ಈಗ ಹಳ್ಳಕ್ಕೆ ಇಳಿದಿತ್ತು, ಆಳಕ್ಕೆ. ಯೋಸ್ಟೈನ್‌ನ ಕೈ ಬಲವಾಗಿ ಮೇಲಕ್ಕೆ ಜಗ್ಗಿತು.

"ಬಿಡು" ಎಂದ.

"ಇನ್ನೂ ಇಲ್ಲ."

"ಅಲೆ ಬರ್ತಿದೆ. ಅವಳು ಕೆಳಗಿದಾಳೆ. ಬಿಡೋ."

"ಗೊತ್ತು. ಇನ್ನೂ ಇಲ್ಲ."

ಯೋಸ್ಟೈನ್ ಮತ್ತೊಮ್ಮೆ ಜಗ್ಗಿದ. ಮನಸ್ಸು ಮಾಡಿದ್ದರೆ ಅವನು ಆ ಹಿಡಿತವನ್ನು ಕಿತ್ತುಕೊಳ್ಳಬಹುದಿತ್ತು, ಅವನ ತೋಳು ಆರ್ನ್‌ಫಿನ್‌ನದಕ್ಕಿಂತ ದಪ್ಪ. ಕಿತ್ತುಕೊಳ್ಳಲಿಲ್ಲ. ಹಲ್ಲು ಕಚ್ಚಿ ನಿಂತ. ಮಗಳನ್ನು ಕಣ್ಣಾರೆ ನೋಡುತ್ತಾ, ಅವಳನ್ನು ಕಾಣದವನ ಹಿಡಿತಕ್ಕೆ ಕೈ ಒಪ್ಪಿಸಿ ನಿಂತ ಅಪ್ಪನ ಸಂಕಟ ಯಾರಿಗೂ ಬೇಡ. ಆರ್ನ್‌ಫಿನ್‌ಗೆ ಅವನ ನಾಡಿ ಬೆರಳಿಗೆ ಹೊಡೆಯುವುದು ಗೊತ್ತಾಗುತ್ತಿತ್ತು. ಪಾದದ ಕೆಳಗೆ ಹಡಗು ಉಸಿರು ತೆಗೆದುಕೊಂಡಿತು, ಮೆಲ್ಲಗೆ ಎದ್ದಿತು, ಇನ್ನೂ ಎದ್ದಿತು.

"ಈಗ" ಎಂದು ಮಣಿಕಟ್ಟು ಬಿಟ್ಟ.

ಯೋಸ್ಟೈನ್‌ನ ಬೆರಳು ಮೇಲೆ ತಿರುಗಿತು. ಸಿನ್ನೋವೆ ತಳ್ಳಿದಳು. ದೋಣಿ ಅಲೆಯ ನೆತ್ತಿಯಿಂದ ಮಗು ಎತ್ತಿದಷ್ಟು ಹಗುರಾಗಿ ಮೇಲೆದ್ದಿತು, ಅದರ ಕೆಳಗೆ ಅಲೆ ಬರಿದಾಗಿ ಜಾರಿಹೋಯಿತು. ಒಂದು ಝಾಡಿಸುವಿಕೆ ಇಲ್ಲ, ಒಂದು ಗುದ್ದು ಇಲ್ಲ. ದೋಣಿ ಡೆಕ್ಕಿಗೆ ಬಂದು ಕೂತಾಗ ಸಿನ್ನೋವೆ ಹಿಡಿಕೆ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಯೋಸ್ಟೈನ್ ಮಗಳ ಹತ್ತಿರ ಹೋದ. ಅವಳು ಹೆಲ್ಮೆಟ್ ಬಿಚ್ಚಿ ಅವನ ಕೈಗೆ ಕೊಟ್ಟು, ನೇರ ಒಳಗೆ ಹೋದಳು. ಅವನು ಹೆಲ್ಮೆಟ್ ಹಿ‌ಡಿದುಕೊಂಡು ಅಲ್ಲೇ ನಿಂತ.

ಹಾಲ್‌ವರ್ ಕೆಳಗಿಳಿದು ಬಂದ. ಆರ್ನ್‌ಫಿನ್‌ನ ಹೆಗಲ ಮೇಲೆ ಕೈಯಿಟ್ಟು, "ಆ ಕುರ್ಚಿ ಇನ್ನು ಇಲ್ಲ, ಗೊತ್ತಲ್ಲ" ಎಂದ.

"ಗೊತ್ತು."

"ಬಂದರಿಗೆ ಹೋದ ಮೇಲೆ ಡಾಕ್ಟರ ಹತ್ತಿರ ಹೋಗು. ಮುಂದಿನದು ಮುಂದೆ ನೋಡೋಣ. ಏನಾಗುತ್ತೋ ನಾನು ಈಗಲೇ ಹೇಳಲಾರೆ." ಆಮೇಲೆ ಯೋಸ್ಟೈನ್ ಕಡೆ ತಿರುಗಿ, "ನಿನ್ನ ಜೊತೆಗೂ ಮಾತಾಡೋದಿದೆ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಇಬ್ಬರಿಗೂ ಹೆಚ್ಚು ಚುಚ್ಚಿತು.

ಊಟದ ಕೋಣೆಯಲ್ಲಿ ಗಂಜಿ ಮುಂದಿಟ್ಟುಕೊಂಡು ವಿಗ್ದಿಸ್ ಒಬ್ಬಳೇ ಕೂತಿದ್ದಳು. ಕೂದಲು ಒದ್ದೆಯಾಗಿ ಕೆನ್ನೆಗೆ ಅಂಟಿತ್ತು. ಕಚ್ಚಿಕೊಂಡ ನಾಲಿಗೆಗೆ ಬಿಸಿ ತಾಗಿ ಮುಖ ಹಿಂಡುತ್ತಿದ್ದಳು. ಆರ್ನ್‌ಫಿನ್ ಎದುರು ಬಂದು ಕೂತ. ಯೋಸ್ಟೈನ್ ಬಾಗಿಲಲ್ಲೇ ನಿಂತ.

"ವಾಕಿಟಾಕೀಲಿ ನೀನು ಹೇಳಿದ್ದು ಕೇಳಿದೆ" ಎಂದಳು, ತಲೆ ಎತ್ತದೆ. "ಉಳಿದದ್ದು ಸಿನ್ನೋವೆ ಹೇಳಿದ್ಲು. ನಿಮ್ಮಿಬ್ಬರಲ್ಲಿ ಯಾರು ಮೊದಲು ಬಾಯಿ ಬಿಡಬೇಕಿತ್ತು ಅನ್ನೋದು ನನಗೆ ಬೇಡ. ನೀನು ಅಪ್ಪನ ಮನಸ್ಸು ನೋಯಿಸಲಿಲ್ಲ, ಅಪ್ಪ ನಿನ್ನ ಮನಸ್ಸು ನೋಯಿಸಲಿಲ್ಲ. ಹಗ್ಗದ ತುದಿಯಲ್ಲಿ ನೇತಾಡ್ತಿದ್ದವಳು ನಾನು. ನನಗೆ ಯಾರೂ ಹೇಳಲಿಲ್ಲ."

"ತಪ್ಪಾಯ್ತು ಮಗಳೇ" ಎಂದ ಯೋಸ್ಟೈನ್ ಬಾಗಿಲಿಂದ.

"ಬೆಳಿಗ್ಗೆ ಅಲೆ ಮೋಸ ಮಾಡ್ತು ಅಂದೆಯಲ್ಲಪ್ಪ."

"ಅವನು ನನಗೋಸ್ಕರ ಹೇಳಿದ ಸುಳ್ಳು ಅದು" ಎಂದ ಆರ್ನ್‌ಫಿನ್. "ತಪ್ಪನ್ನು ನನ್ನ ಮೇಲೆ ಹಾಕು."

"ಇಬ್ಬರ ಮೇಲೂ ಹಾಕ್ತೀನಿ. ಇಬ್ಬರಿಗೂ ಹೆಗಲಿದೆ" ಎಂದಳು. ಅವಳ ಕಣ್ಣು ತುಂಬಿತ್ತು. ಸಿಟ್ಟಿನಿಂದಲೋ, ಈಗ ಬಂದ ಹೆದರಿಕೆಯಿಂದಲೋ, ಅವಳಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ಹಡಗು ಹೊರಳಿತು, ಮೇಜಿನ ಮೇಲಿನ ಕಾಫಿ ಫ್ಲಾಸ್ಕು ಆರ್ನ್‌ಫಿನ್ ಕಡೆ ಜಾರಿಬಂತು. ಅವನು ಅದನ್ನು ಹಿಡಿದು, ಲೋಟ ಎಳೆದುಕೊಂಡು, ಕೈ ತಡೆದ. ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕಾಫಿ ಕುಡಿಯಲು ಬರುವುದು ಅವನಿಗೆ ಒಂದು ವರ್ಷದಿಂದ ಅಭ್ಯಾಸವಾಗಿತ್ತು. ಫ್ಲಾಸ್ಕನ್ನೂ ಲೋಟವನ್ನೂ ವಿಗ್ದಿಸ್ ಕಡೆ ತಳ್ಳಿದ.

"ಹುಯ್ಯಿ ಮಗಳೇ. ನಾನು ಹುಯ್ದರೆ ಅರ್ಧ ಮೇಜಿಗೆ ಹೋಗುತ್ತೆ."

ಅವಳು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದಳು. "ಮತ್ತೆ ಇಷ್ಟು ದಿನ ಹೇಗೆ ಹುಯ್ಕೊಂಡೆ?"

"ಲೋಟದೊಳಗೆ ಬೆರಳಿಟ್ಕೊಂಡು. ಬಿಸಿ ತಾಗಿದ್ರೆ ತುಂಬಿದೆ ಅಂತ."

"ಸುಡಲ್ವಾ?"

"ಸುಡುತ್ತೆ."

ವಿಗ್ದಿಸ್ ಮೇಜಿನ ಮೇಲೆ ಕೈ ಚಾಚಿ ಅವನ ತೋರುಬೆರಳನ್ನು ಹಿಡಿದು ತಿರುಗಿಸಿ ನೋಡಿದಳು. ತುದಿ ಕೆಂಪಾಗಿ, ಚರ್ಮ ಸುಲಿದು ಸುಲಿದು ಗಟ್ಟಿಯಾಗಿತ್ತು. ಅವಳು ಬಾಗಿಲಲ್ಲಿದ್ದ ಅಪ್ಪನಿಗೂ ಒಳಗೆ ಬಂದು ಕೂರುವಂತೆ ತಲೆಯಾಡಿಸಿದಳು. ಆಮೇಲೆ ಲೋಟ ತುಂಬಿಸಿ, ಆರ್ನ್‌ಫಿನ್‌ನ ಕೈ ಹಿಡಿದು ಅಂಗೈಯೊಳಗೆ ಅದನ್ನು ಇಟ್ಟಳು.